ರಾಜನ ಕೆನ್ನೆಯ ಗಾಯ

ಪೂಜೆ ಮುಗಿಯುತ್ತಲೇ ತಿರುಮಲೇಶನ ಅತ್ತೆ ವಸಂತಾ ಮಗಳತ್ತ ಕೈ ಚಾಚಿದರು. “ನಾಣ್ಯ ಕೊಡು ಗಿರಿಜಾ. ಮುಟ್ಟಿ ಆರು ವರ್ಷ ಆಯ್ತು.”

ಕಡಲಾಚೆಯ ಬ್ಲ್ಯಾಕ್‌ಟೌನಿನ ಆ ಮನೆಯಲ್ಲಿ ವರಮಹಾಲಕ್ಷ್ಮಿಯ ಕಲಶದ ಮುಂದೆ ಇದ್ದದ್ದು ನಕಲಿ ನಾಣ್ಯ. ಗುಟ್ಟು ನಾಲ್ಕು ವರ್ಷದಿಂದ ತಿರುಮಲೇಶನ ಹೊಟ್ಟೆಯಲ್ಲೇ ಇತ್ತು.

ಅಸಲಿ ನಾಣ್ಯ ಪ್ರಾಚೀನ ರೋಮಿನ ಚಿನ್ನದ್ದು, ಗಿರಿಜಾಳ ತವರಿನದು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕೊಂಬೆ ಹಿಡಿದು ಕುಳಿತ ಹೆಂಗಸು. ಮೈಸೂರಿನ ಆ ತವರುಮನೆಯವರಿಗೆ ಅವಳೇ ಲಕ್ಷ್ಮಿ. ರಾಜನ ಕೆನ್ನೆಯ ಮೇಲೆ ಹಿಂದಿನವರು ಯಾರೋ ಉಳಿಯಿಟ್ಟು ಹೊಡೆದ ಗಾಯವಿತ್ತು.

೧೯೯೧ರಲ್ಲಿ ಮೆಲ್ಬರ್ನಿನ ನಾಣ್ಯಪ್ರಿಯರ ಸಭೆಯಲ್ಲಿ ಜಂಬ ಕೊಚ್ಚಿಕೊಳ್ಳಲೆಂದು ಅವನು ಹೆಂಡತಿಗೆ ಹೇಳದೆ ಅದನ್ನು ಒಯ್ದಿದ್ದ. ಟ್ರೇನಿನಲ್ಲಿ ಎಲ್ಲೋ ಜೇಬಿನಿಂದ ಜಾರಿಹೋಯಿತು. ಒಂದು ಮ್ಯೂಸಿಯಂ ಅಂಗಡಿಯಲ್ಲಿ ಅದೇ ರಾಜ, ಅದೇ ಹೆಂಗಸು ಇದ್ದ ಗಿಲೀಟು ನಾಣ್ಯ ಸಿಕ್ಕಿತು. ಗಾಯ ಮಾತ್ರ ಇರಲಿಲ್ಲ.

ಗಿರಿಜಾ ಅದಕ್ಕೇ ಕೈಮುಗಿದಳು. ದೇವಿ ಮೇಲೆ, ರಾಜ ಕೆಳಗೆ, ತಿರುಗಿಸಿ ನೋಡುವವರಿರಲಿಲ್ಲ. ಅವಳು ಕಣ್ಮುಚ್ಚಿ ನಿಂತಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಪ್ರತಿ ಹಬ್ಬಕ್ಕೂ ಹೇಳಿಬಿಡಬೇಕೆಂದುಕೊಂಡ. ಪ್ರತಿ ಹಬ್ಬದಲ್ಲೂ ಹೋಳಿಗೆ ತಿಂದು ಸುಮ್ಮನಾದ.

ಈಗ ಅತ್ತೆಯೇ ಬಂದಿದ್ದರು. ಕಣ್ಣಿಗೆ ಪೊರೆ ಬಂದು, ಅವರು ನೋಡುವುದೆಲ್ಲ ಬೆರಳಿನಿಂದ.

ಹಿಂದಿನ ದಿನ ಗ್ಯಾರೇಜಿನಿಂದ ಬಂದ ಗಿರಿಜಾಳ ಹೆಬ್ಬೆರಳಿಗೆ ಬ್ಯಾಂಡ್‌ಏಡ್ ಇತ್ತು.

“ಏನಾಯ್ತು?”

“ತೆಂಗಿನಕಾಯಿ ಒಡೀತಿದ್ದೆ. ಸುತ್ತಿಗೆ ಬಿತ್ತು.”

ಅವನು ಧೈರ್ಯ ಮಾಡಿದ. “ಗಿರಿಜಾ, ನಾಳೆ ನಿಮ್ಮಮ್ಮ ನಾಣ್ಯ ಮುಟ್ಟಿ ನೋಡ್ತಾರೆ. ನಿಂಗೊಂದು ವಿಷಯ ಹೇಳ್ಬೇಕಿತ್ತು.”

“ಹಬ್ಬ ಮುಗೀಲಿ ರೀ. ಅಮ್ಮ ಇರೋವಾಗ ಯಾವ ವಿಷಯಾನೂ ಬೇಡ.”

ಹೇಡಿಗೆ ಅಷ್ಟು ನೆಪ ಸಾಕಾಗಿತ್ತು.

ಈಗ ಗಿರಿಜಾ ಕೊಟ್ಟ ನಾಣ್ಯವನ್ನು ವಸಂತಾ ಮಗುಚಿದರು. ಹೆಬ್ಬೆರಳು ರಾಜನ ಹಣೆ ಸವರಿತು, ಮೂಗಿಗೆ ಇಳಿಯಿತು, ಕೆನ್ನೆಯ ಮೇಲೆ ನಿಂತಿತು. ತಿರುಮಲೇಶ ಮುಂದೆ ಬಂದ.

“ಅತ್ತೆ, ತಪ್ಪು ನಂದು...”

“ಏನು ತಪ್ಪು ಅಳಿಯಂದ್ರೇ?” ಅತ್ತೆ ನಕ್ಕರು. “ಎಷ್ಟು ಜೋಪಾನವಾಗಿ ಇಟ್ಕೊಂಡಿದೀರಿ. ಗಾಯ ಹಾಗೇ ಇದೆ.”

ಅವನು ಬಗ್ಗಿ ನೋಡಿದ. ರಾಜನ ಕೆನ್ನೆಯ ಮೇಲೆ ಗಿಲೀಟು ಸೀಳಿದ ಆಳವಾದ ಅಡ್ಡಗೆರೆ, ಅದರ ತುಂಬ ಹೊಸ ಕುಂಕುಮ.

ಗಿರಿಜಾ ಬ್ಯಾಂಡ್‌ಏಡ್ ಸುತ್ತಿದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. “ಬನ್ನಿ ರೀ, ಹೋಳಿಗೆ ತಣ್ಣಗಾಗುತ್ತೆ.”