ಬಾಗಿಲು ದಾಟದ ಮಾತು

ಬೇರೆಯವರ ನೋವು ಕೇಳುವ ಮುನ್ನ ತನ್ನ ನೋವು ಹೇಳಿಕೊಳ್ಳಬೇಕು. ಆಪ್ತಸಮಾಲೋಚನೆ ಓದುವವರಿಗೆ ಆ ಕಾಲೇಜಿನಲ್ಲಿ ಇದು ಕಟ್ಟಳೆ. ಹಾಗಾಗಿ ಎಂ.ಎಸ್ಸಿ. ಎರಡನೇ ವರ್ಷದ ಭಾರ್ಗವಿ ಪ್ರತಿ ಶುಕ್ರವಾರ ಕಾಲೇಜಿನ ಆಪ್ತಸಮಾಲೋಚಕಿ ವಿನೋದಾ ಮೇಡಂ ಎದುರು ಕೂರುತ್ತಿದ್ದಳು. ಹೆತ್ತ ತಾಯಿಗೂ ಹೇಳದೆ ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಅಲ್ಲಿ ಹೇಳಿ ಹಗುರಾಗಿದ್ದಳು.

"ಇಲ್ಲಿ ಆಡಿದ್ದು ಈ ಬಾಗಿಲು ದಾಟಲ್ಲ ಕಣಮ್ಮ" ಎಂದಿದ್ದರು ಮೇಡಂ.

ಸೋಮವಾರ ಅಭ್ಯಾಸದ ತರಗತಿ. ಪಾಠ ಮಾಡುವ ಸರ್ ಅವಳನ್ನು ನೊಂದು ಬಂದವಳ ಪಾತ್ರಕ್ಕೆ ಕರೆದು, ಗೆಳತಿ ನಾಗವೇಣಿಯನ್ನು ಸಮಾಲೋಚಕಿಯಾಗಿ ಎದುರು ಕೂರಿಸಿದರು.

"ಇದು ನಿಜವಾದ ಕೇಸು. ಅಪ್ಪ ತೀರ್ಕೊಂಡಿದ್ದಾರೆ, ಮಗಳಿಗೆ ಅಳುನೇ ಬರ್ತಿಲ್ಲ. ಇಷ್ಟು ಸಾಕು, ಮಿಕ್ಕಿದ್ದನ್ನ ನೀನೇ ಕಟ್ಟಿ ಹೇಳು."

ತನ್ನಂಥ ಮಗಳು ಇನ್ನೊಬ್ಬಳೂ ಇದ್ದಾಳಲ್ಲ ಎಂದು ಭಾರ್ಗವಿಗೆ ಒಳಗೊಳಗೇ ಸಮಾಧಾನವಾಯಿತು.

"ನೆಂಟರೆಲ್ಲ ನಿಮ್ಮ ಮುಖಾನೇ ನೋಡ್ತಿದ್ದಾಗ ಏನು ಮಾಡಿದ್ರಿ?" ನಾಗವೇಣಿ ಮೆಲ್ಲಗೆ ಕೇಳಿದಳು.

ಕಟ್ಟಿ ಹೇಳಬೇಕಾದದ್ದು ಭಾರ್ಗವಿಗೆ ಮರೆತೇಹೋಯಿತು.

"ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿ, ಆ ಕೈಯಲ್ಲೇ ಕಣ್ಣುಜ್ಜಿಕೊಂಡೆ. ಆಮೇಲೆ ಬಂದು ಅಪ್ಪನ ಕಾಲ ಹತ್ರ ಕೂತೆ."

ಸರ್ ಬೆರಗಾಗಿ ನಕ್ಕರು.

"ಅರೆ, ಈರುಳ್ಳಿ ವಿಷಯ ನಾನು ಹೇಳೇ ಇರ್ಲಿಲ್ವಲ್ಲ! ವಿನೋದಾ ಮೇಡಂ ನಿನ್ನ ಹತ್ರಾನೂ ಹೇಳಿದ್ರಾ?"