ಹತ್ತಿರದವರು

ನೀಲವ್ವನ ಗಂಡನಿಗೆ ಜ್ವರ ನೆತ್ತಿಗೇರಿ, ಕುತ್ತಿಗೆ ಸೆಟೆದು, ಎಚ್ಚರ ತಪ್ಪಿತ್ತು. ಆಸ್ಪತ್ರೆಯವರು ಬೆನ್ನಿನ ನೀರು ತೆಗೆದು, ರೋಗಾಣುವನ್ನು ಅದರ ವಂಶವಾಹಿಯಿಂದ ಗುರುತಿಸುವ ಹೊಸ ಯಂತ್ರಕ್ಕೆ ಹಾಕಿದರು. ಮೊದಲಾಗಿದ್ದರೆ ದಿನಗಟ್ಟಲೆ ಕಾಯಬೇಕಿದ್ದ ಉತ್ತರ ಒಂದೇ ತಾಸಿನಲ್ಲಿ ಬಂತು. ಅಷ್ಟು ಹೊತ್ತೂ ಅವಳು ಅತ್ತೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೇ ಇದ್ದಳು.

"ಮಿದುಳು ಜ್ವರ ಐತಿ. ಯಾವ ರೋಗಾಣು ಅಂತ ಗೊತ್ತಾಗೇತಿ, ಅದಕ್ಕ ತಕ್ಕ ಇಂಜೆಕ್ಷನ್ ಚಾಲೂ ಮಾಡೇವಿ," ಎಂದರು ಡಾಕ್ಟರು. "ಆದ್ರ ಇದು ಹತ್ತಿರ ಇದ್ದವರಿಗೂ ಅಂಟತೈತಿ. ಅವರ ಜೋಡಿ ಉಂಡು ಮಲಗಿದವರೆಲ್ಲ ಇವತ್ತೇ ಔಷಧ ತಗೋಬೇಕು. ಮನ್ಯಾಗ ಯಾರ್ಯಾರು ಅದೀರಿ?"

"ನಾವಿಬ್ಬರೇ ರೀ. ನಾನು, ಈ ನನ್ನ ಸೊಸಿ," ಎಂದಳು ಅತ್ತೆ.

"ಬ್ಯಾರೆ ಯಾರೂ ಇಲ್ಲ?"

"ಯಾರೂ ಇಲ್ರೀ." ಅತ್ತೆ ಸೊಸೆಯ ಕಡೆ ನೋಡಲಿಲ್ಲ.

ಡಾಕ್ಟರು ಒಳಗೆ ಹೋಗಲು ತಿರುಗಿದರು. ನೀಲವ್ವ ಎದ್ದು ನಿಂತಳು.

"ಇನ್ನೂ ಇಬ್ಬರಿಗೆ ಬೇಕ್ರೀ, ಡಾಕ್ಟರ್ರ," ಎಂದಳು. "ಕೆರಿ ಓಣ್ಯಾಗ ನನ್ನ ಗಂಡಂದು ಇನ್ನೊಂದು ಮನಿ ಐತಿ, ಆಕಿಗೂ ಕೊಡ್ರಿ, ಆಕಿ ಕೂಸಿಗೂ ಕೊಡ್ರಿ, ಅದಕ್ಕ ಈಗ ನಾಕು ವರ್ಷ."