ಕೈಗುಣದ ತಟ್ಟೆ

ಒಲೆಯ ಹಿಂದಿನ ಬೆಚ್ಚನೆಯ ಗೂಡಿನಿಂದ ಎರಡು ಗಾಜಿನ ತಟ್ಟೆ ಹೊರತೆಗೆದವಳೇ ಶೈಲಜಾ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದುಬಿಟ್ಟಳು. "ಆಯೀ, ಬಂದಾವ! ನಿನ್ನ ತಟ್ಟಿ ತುಂಬ ಬಂದಾವ!"

ಬಂದದ್ದು ಬೇರೇನೂ ಅಲ್ಲ, ಸೂಕ್ಷ್ಮಜೀವಿಗಳು. ಧಾರವಾಡದ ಯುನಿವರ್ಸಿಟಿಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ತೊಂಬತ್ತೇಳರ ಬೇಸಿಗೆ ರಜೆಗೆ ತನ್ನೂರು ಚಚಡಿಗೆ ಬರುವಾಗ, ಆ ಜೀವಿಗಳು ಬೆಳೆಯಲೆಂದು ಅಗಾರ್ ಎಂಬ ಗಂಜಿಯಂಥದ್ದನ್ನು ಎರೆದು ಗಟ್ಟಿಯಾಗಿಸಿದ ಎರಡು ತಟ್ಟೆಗಳನ್ನು ಜೋಪಾನವಾಗಿ ತಂದಿದ್ದಳು. ಮೊನ್ನೆ ಎಮ್ಮೆಯ ಮೈ ತಿಕ್ಕಿ ಬಂದ ಅಜ್ಜಿ ದೇವಕ್ಕನ ಹೆಬ್ಬೆರಳನ್ನು ಒಂದರ ಮೇಲೆ ಒತ್ತಿಸಿದಳು. ತನ್ನ ಹೆಬ್ಬೆರಳಿಗೆ ಬಾಟಲಿಯ ಸ್ಪಿರಿಟ್ ಸುರಿದು, ಗಸಗಸ ತಿಕ್ಕಿ, ಇನ್ನೊಂದರ ಮೇಲೆ ತಾನು ಒತ್ತಿದಳು. "ಏನ್ ದವಾಖಾನಿ ನಾತಬೇ ಇದು!" ಎಂದು ದೇವಕ್ಕ ಮೂಗು ಮುಚ್ಚಿಕೊಂಡಿದ್ದಳು. "ಇದು ಕ್ರಿಮಿ ಕೊಲ್ತೈತಿ ಆಯಿ," ಎಂದಿದ್ದಳು ಮೊಮ್ಮಗಳು.

ತಾನು ಕಲಿಯುವುದೇನೆಂದು ಕಣ್ಣಾರೆ ಕಂಡರೆ ಅಪ್ಪನ ಮನಸ್ಸು ಕರಗೀತು ಎಂಬುದು ಹುಡುಗಿಯ ಆಸೆ. ಅಪ್ಪ ಮಹಾಂತಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಒಂದ್ ವರ್ಷ ಕಲ್ತಿದ್ದು ಸಾಕು. ಸಂಗೊಳ್ಳಿ ಪರಪ್ಪಗ ಮಾತು ಕೊಟ್ಟೇನಿ." ಆ ಪರಪ್ಪ, ಅಂದರೆ ವರನ ತಂದೆ, ಈಗ ಪಡಸಾಲೆಯಲ್ಲೇ ಕುಳಿತು ಬಸಿಯಲ್ಲಿ ಚಹಾ ಹೀರುತ್ತಿದ್ದ. ಇವತ್ತು ಇಲ್ಲದಿದ್ದರೆ ಇನ್ನಿಲ್ಲ! ಶೈಲಜಾ ತಟ್ಟೆ ಹಿಡಿದು ಓಡಿಬಂದಳು.

"ಅಪ್ಪಾ, ನೋಡಿಲ್ಲೆ! ಇದು ಆಯಿ ಬೆರಳು, ಇದು ನಂದು."

ಅಜ್ಜಿಯ ತಟ್ಟೆಯಲ್ಲಿ ಹಳದಿ, ಬಿಳಿ, ಗುಲಾಬಿ ಚುಕ್ಕಿಗಳು ಕಾಳು ಚೆಲ್ಲಿದಂತೆ ಹರಡಿದ್ದವು. ಮೊಮ್ಮಗಳದು ಬಟಾಬಯಲು. ಅವಳು ವಿವರಿಸಲು ಬಾಯಿ ತೆರೆಯುವುದರೊಳಗೆ ದೇವಕ್ಕ ಎರಡೂ ತಟ್ಟೆ ಕಸಿದುಕೊಂಡಳು.

"ಅಯ್ ಶಿವನ! ಎಷ್ಟ್ ಚಂದ ಬೆಳದೈತಿ ನೋಡ್ರಿ ಪರಪ್ಪಾರ! ನನ್ನ ಕೈಗುಣ ಇದು. ನಮ್ಮ ಹೊಲದಾಗ ವರ್ಷಾ ವರ್ಷಾ ಬಿತ್ತೂ ಕೂರಿಗಿಗೆ ಮೊದಲಿನ ಕಾಳು ನನ್ನ ಕೈಲೆ ಬಿಡಸೂದು ಸುಮ್ಮನಲ್ಲ." ಇನ್ನೊಂದು ತಟ್ಟೆ ನೋಡಿ ಅವಳ ಮುಖ ಸಣ್ಣದಾಯಿತು. "ಇದ್ಯಾಕ ಹಿಂಗ ಬರಡಾಗೇತಿ? ಶೈಲಿ, ನಿಂದೇನ ಇದು?"

"ಹೂಂ ಆಯಿ, ಆದ್ರ ಅದು ಯಾಕಂದ್ರ..."

"ಬಾಯಿ ಮುಚ್ಚ ನೀ! ಪರಪ್ಪಾರ, ಬೀಗರಾಗೋರ ಮುಂದ ಮುಚ್ಚುಮರಿ ಮಾಡಬಾರದು. ನಮ್ಮ ಹುಡುಗಿ ಕೈಗುಣ ಹಿಂಗೈತಿ, ನೀವ ನೋಡ್ರಿ. ನಿಮ್ಮನ್ಯಾಗೂ ಹೊಸಾ ಸೊಸಿ ಕೈಲೆ ಕಾಳು ಬಿಡಸೋ ರೂಢಿ ಐತೆಲ್ಲಾ?"

ಪರಪ್ಪನಿಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತಲೇ ಆ ಬೋಳು ತಟ್ಟೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಕಣ್ಣಿನ ಹತ್ತಿರ ತಂದ. ಒಂದು ಚುಕ್ಕಿಯೂ ಇಲ್ಲ. "ಐತ್ರಿ ಅಕ್ಕಾರ... ನಾಕೆಕರೆ ಹೆಸರಕಾಳ ಬಿತ್ತೂದೈತಿ ಈ ವರ್ಷ," ಎಂದು ಟೊಪ್ಪಿಗೆ ಸರಿಮಾಡಿಕೊಂಡು ಎದ್ದೇಬಿಟ್ಟ.

"ಯವ್ವಾ, ಏನ್ ಮಾತಾಡಾಕತ್ತೀದಿ?" ಮಹಾಂತಪ್ಪ ತಲೆಗೆ ಕೈ ಹಚ್ಚಿದ.

"ಕಣ್ಣೀಲೆ ಕಾಣಾಕತ್ತೈತೆಲ್ಲೋ! ಇಂಥಾ ಕೈ ಇಟ್ಕೊಂಡು ಒಕ್ಕಲುತನ ಮಾಡೂದಾಗೂದಿಲ್ಲ. ಅಕಿ ಸಾಲೀನ ಕಲೀಲಿ."

ಶೈಲಜಾಳ ಸ್ಥಿತಿ ಕೇಳಬೇಡಿ! ನಿಜ ಹೇಳಿದರೆ ಆಯಿಯ ಕೈಗುಣವೂ ಹೋಯಿತು, ತನ್ನ ಓದೂ ಹೋಯಿತು. ಹೇಳದೆ ಸುಮ್ಮನಿರೋಣವೆಂದರೆ ನಗು ಹೊಟ್ಟೆಯಿಂದ ಉಕ್ಕಿ ಬರುತ್ತಿದೆ. ಓಢಣಿಯನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವಳ ಹೆಗಲು ಕುಣಿಯುವುದನ್ನು ಕಂಡು, ಅಳುತ್ತಿದ್ದಾಳೆಂದೇ ತಿಳಿದು, ಪಾಪ, ಪರಪ್ಪ ಹೊಸ್ತಿಲಲ್ಲಿ ನಿಂತು ಲೊಚಗುಟ್ಟಿದ.

ರಜೆ ಮುಗಿದು ಧಾರವಾಡಕ್ಕೆ ಹೊರಡುವ ದಿನ ಶೈಲಜಾ ಚೀಲವೆಲ್ಲ ಕಿತ್ತುಹಾಕಿ ಹುಡುಕುತ್ತಿದ್ದಳು. "ಆಯಿ, ನನ್ನ ಸ್ಪಿರಿಟ್ ಬಾಟ್ಲಿ ಎಲ್ಲೈತಿ?"

ದೇವಕ್ಕ ರೊಟ್ಟಿಯ ಗಂಟನ್ನು ಅವಳ ಚೀಲಕ್ಕಿಟ್ಟು, ಪಡಸಾಲೆಯತ್ತ ಒಮ್ಮೆ ಇಣುಕಿ, ಸೆರಗಿನ ಮರೆಯಿಂದ ಬಾಟಲಿಯ ಮೂತಿಯನ್ನಷ್ಟೇ ತೋರಿಸಿದಳು.

"ಇದು ನನ್ನ ಕಡೇನ ಇರಲಿ. ನಿಮ್ಮಪ್ಪ ಮತ್ತ ಯಾರನರ ಕರಕೊಂಡ ಬಂದ್ರ ಬೇಕಾಗ್ತೈತಿ. ನೀ ತಟ್ಟಿ ಅಷ್ಟ ತಗೊಂಡ ಬಾ."